ಕಿವಿಗೊಟ್ಟು ನೋಡಬೇಕಾದ ಸಿನಿಮಾಗಳು

ಕೇಳುಗರೆಲ್ಲರಿಗೂ ನಮಸ್ಕಾರ.

"ಯಾವುದಾದರೂ ಒಳ್ಳೆ ಹಳೇ ಕನ್ನಡ ಸಿನಿಮಾ ಇದ್ದರೆ ಹೇಳಿ" ಅಂತ ನೆಂಟರು, ಗೆಳೆಯರು, ಆಫೀಸಿನ ಹುಡುಗರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಬಂಗಾರದ ಮನುಷ್ಯ, ನಾಗರಹಾವು ಅಂತ ಹೇಳಿಬಿಡಬಹುದು. ದೊಡ್ಡ ಸಿನಿಮಾಗಳೇ ಅವು, ಆದರೆ ನಾನು ಹೇಳದಿದ್ದರೂ ಜನ ನೋಡುತ್ತಾರೆ. ಇವತ್ತು ಮಾತಾಡುತ್ತಿರುವುದು ರೇಡಿಯೋದಲ್ಲಿ ಅಲ್ವಾ, ಅದಕ್ಕೇ ಕಣ್ಣಿನಷ್ಟೇ ಕಿವಿಗೂ ಕೆಲಸ ಕೊಡುವ ಸಿನಿಮಾಗಳನ್ನು ಆರಿಸಿಕೊಂಡಿದ್ದೇನೆ. ನಾವು ಸಿನಿಮಾದ ಹಾಡು ಕೇಳುತ್ತೇವೆ, ಡೈಲಾಗ್ ಬಾಯಿಪಾಠ ಮಾಡುತ್ತೇವೆ. ಅದರಾಚೆಗೆ ಒಂದು ಸಿನಿಮಾ ಏನೇನು ಕೇಳಿಸುತ್ತದೆ ಅಂತ ಗಮನ ಕೊಡುವುದು ಕಡಿಮೆ.

ಮೊದಲು ಪುಷ್ಪಕ ವಿಮಾನ. 1987ರದ್ದು, ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನ, ಕಮಲ್ ಹಾಸನ್ ಮತ್ತು ಅಮಲಾ. ಬೆಂಗಳೂರಿನಲ್ಲೇ ತೆಗೆದದ್ದು, ವಿಂಡ್ಸರ್ ಮ್ಯಾನರ್ ಹೋಟೆಲ್ ಕೂಡ ಅದರಲ್ಲಿದೆ. ಇಡೀ ಸಿನಿಮಾದಲ್ಲಿ ಮಾತಿಲ್ಲ. ಹಾಗಾಗಿ ಡಬ್ಬಿಂಗ್ ಗೊಡವೆಯೇ ಇಲ್ಲದೆ ತಮಿಳು, ತೆಲುಗು, ಹಿಂದಿಯಲ್ಲಿ ಬೇರೆ ಬೇರೆ ಹೆಸರಿನಿಂದ ಓಡಿತು. ಆದರೆ ಮಾತಿಲ್ಲ ಅಂದಮಾತ್ರಕ್ಕೆ ಸದ್ದಿಲ್ಲ ಅಂತಲ್ಲ. ಕೆಲಸವಿಲ್ಲದ ಹುಡುಗ, ಗಿಜಿಗುಡುವ ಕಟ್ಟಡದಲ್ಲಿ ಒಂದು ಬಾಡಿಗೆ ಕೋಣೆ, ಪಕ್ಕದಲ್ಲೇ ಟಾಕೀಸು. ಹೇಗೋ ಮಾಡಿ ಅವನು ಒಬ್ಬ ಶ್ರೀಮಂತನ ಜಾಗದಲ್ಲಿ ದೊಡ್ಡ ಹೋಟೆಲಿಗೆ ಸೇರಿಕೊಳ್ಳುತ್ತಾನೆ. ಮೆತ್ತನೆ ಹಾಸಿಗೆ, ತಣ್ಣನೆ ಕೋಣೆ, ಪಿನ್ ಬಿದ್ದರೂ ಕೇಳಿಸುವಷ್ಟು ಮೌನ. ನಿದ್ದೆ ಮಾತ್ರ ಬರುವುದಿಲ್ಲ! ಕೊನೆಗೆ ತನ್ನ ಹಳೇ ಕೋಣೆಗೆ ಹೋಗಿ, ಟಾಕೀಸಿನಿಂದ ತೇಲಿಬರುವ ಗದ್ದಲವನ್ನೆಲ್ಲ ಟೇಪ್ ರೆಕಾರ್ಡರಿನಲ್ಲಿ ತುಂಬಿಕೊಂಡು ಬಂದು, ಹೋಟೆಲಿನಲ್ಲಿ ಹಾಕಿಕೊಂಡು ನೆಮ್ಮದಿಯಾಗಿ ಮಲಗುತ್ತಾನೆ. ಬಡತನ ಅಂದರೇನು, ಅಭ್ಯಾಸ ಅಂದರೇನು, ದುಡ್ಡು ಯಾವುದನ್ನು ಕೊಡುವುದಿಲ್ಲ, ಎಲ್ಲವೂ ಒಂದು ಕ್ಯಾಸೆಟ್ಟಿನಲ್ಲಿ ಬಂದುಬಿಟ್ಟಿತು. ಒಂದೇ ಒಂದು ಮಾತಾಡದೆ! ಮನೆಯಲ್ಲಿ ಮಕ್ಕಳಿದ್ದರೆ ಅವರ ಜೊತೆ ಕೂತು ನೋಡಿ. ಐದು ವರ್ಷದ ಮಗುವಿಗೂ ಅರ್ಥವಾಗುತ್ತದೆ, ಎಂಬತ್ತರ ಅಜ್ಜಿಗೂ ಅರ್ಥವಾಗುತ್ತದೆ.

ಈಗ ಅನಂತ್ ನಾಗ್ ಅವರ ಮೂರು ಸಿನಿಮಾ. ಇವನ್ನು ಒಂದರ ಹಿಂದೆ ಒಂದು ನೋಡಿ ಅಂತ ನನ್ನ ಒತ್ತಾಯ, ಯಾಕೆ ಅಂತ ಹೇಳುತ್ತೇನೆ.

ಒಂದು ಹಂಸಗೀತೆ, 1975. ತ.ರಾ.ಸು. ಅವರ ಕಾದಂಬರಿ, ಬರಿಗಾಲಲ್ಲೇ ಓಡಾಡುತ್ತಿದ್ದ ಜಿ.ವಿ. ಅಯ್ಯರ್ ನಿರ್ದೇಶನ, ಚಿತ್ರದುರ್ಗದ ಕಥೆ. ಇದರಲ್ಲಿ ಅನಂತ್ ನಾಗ್ ಹಾಡುಗಾರ ಭೈರವಿ ವೆಂಕಟಸುಬ್ಬಯ್ಯ. ಈ ಸಿನಿಮಾಕ್ಕೆ ಹಾಡಿ ಬಾಲಮುರಳಿಕೃಷ್ಣ ಅವರು ರಾಷ್ಟ್ರಪ್ರಶಸ್ತಿ ಪಡೆದರು. ಇನ್ನೊಂದು ಗಣೇಶನ ಮದುವೆ, 1990, ಫಣಿ ರಾಮಚಂದ್ರ ಅವರದ್ದು. ವಠಾರದಲ್ಲಿ ದಿನಾ ಜಗಳವಾಡುವ ಹುಡುಗಿಯೇ ತಾನು ಮೆಚ್ಚಿದ ದನಿಯ ಗಾಯಕಿ ಶ್ರುತಿ ಅಂತ ನಮ್ಮ ಗಣೇಶನಿಗೆ ಗೊತ್ತಿಲ್ಲ. ನಕ್ಕು ನಕ್ಕು ಸಾಕಾಗುತ್ತದೆ, ಜಾಸ್ತಿ ಹೇಳುವುದಿಲ್ಲ, ನೋಡಿದವರೇ ಜಾಸ್ತಿ ಇದ್ದೀರಿ.

ಮೂರನೆಯದು ಬೆಳದಿಂಗಳ ಬಾಲೆ. 1995ರ ಈ ಸಿನಿಮಾ ಯಂಡಮೂರಿ ವೀರೇಂದ್ರನಾಥ್ ಅವರ ತೆಲುಗು ಕಾದಂಬರಿಯಿಂದ ಬಂದದ್ದು, ನಿರ್ದೇಶನ ಸುನೀಲ್ ಕುಮಾರ್ ದೇಸಾಯಿ. ರೇವಂತ್ ಅನ್ನುವ ಚೆಸ್ ಆಟಗಾರನಿಗೆ ಒಂದು ಫೋನ್ ಬರುತ್ತದೆ. ಆ ಕಡೆ ಒಬ್ಬ ಹುಡುಗಿ, ಹೆಸರು ಹೇಳುವುದಿಲ್ಲ, ಊರು ಹೇಳುವುದಿಲ್ಲ, ನನ್ನನ್ನು ಹುಡುಕು ಅಂತ ಸವಾಲು ಹಾಕುತ್ತಾಳೆ. ಅವಳ ಮುಖವನ್ನು ಸಿನಿಮಾ ನಮಗೆ ತೋರಿಸುವುದೇ ಇಲ್ಲ. ಬರೀ ದನಿ. ಹಾಗಾದರೆ ಅಷ್ಟು ಹೊತ್ತು ನಾವು ನೋಡುವುದು ಏನನ್ನು? ರಿಸೀವರ್ ಹಿಡಿದ ಅನಂತ್ ನಾಗ್ ಮುಖವನ್ನು. ಕೇಳಿಸಿಕೊಳ್ಳುವುದೇ ಒಂದು ನಟನೆ ಅಂತ ನನಗೆ ಗೊತ್ತಾದದ್ದು ಇಲ್ಲಿಯೇ. ಒಬ್ಬನೇ ನಟ, ಒಂದು ಸಿನಿಮಾದಲ್ಲಿ ದನಿಯನ್ನೇ ಬದುಕು ಮಾಡಿಕೊಂಡವನು, ಇನ್ನೆರಡರಲ್ಲಿ ಕಾಣದ ದನಿಯೊಂದಕ್ಕೆ ಮನಸ್ಸು ಕೊಟ್ಟವನು. ಆಗ ಅವರ ಹುಬ್ಬು, ತುಟಿಯಂಚು, ಉತ್ತರ ಕೊಡುವ ಮುಂಚಿನ ಆ ಅರೆಗಳಿಗೆ, ಅದನ್ನೆಲ್ಲ ಸುಮ್ನೆ ಗಮನಿಸಿ ನೋಡಿ. ಕೊನೆ ಏನಾಗುತ್ತದೆ ಅಂತ ಯಾರಾದರೂ ಹೇಳಲು ಬಂದರೆ ಕಿವಿ ಮುಚ್ಚಿಕೊಳ್ಳಿ.

ದೇಸಾಯಿ ಅವರದ್ದೇ ಇನ್ನೊಂದು ತರ್ಕ, 1989. ಶಂಕರ್ ನಾಗ್, ದೇವರಾಜ್. ಒಂದು ಕೊಲೆ, ಒಂದು ಮನೆ, ಹಾಡೇ ಇಲ್ಲ. ಹಾಡಿಲ್ಲದೆ ಕನ್ನಡ ಸಿನಿಮಾ ಓಡುವುದಿಲ್ಲ ಅನ್ನುವವರಿಗೆ ತೋರಿಸಿ.

ಇನ್ನು ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು, ಚೋಮನ ದುಡಿ. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, 1975. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂತು, ಚೋಮನಾಗಿದ್ದ ಎಂ.ವಿ. ವಾಸುದೇವರಾವ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಪ್ರಶಸ್ತಿಯ ಸಿನಿಮಾ ಅಂದ ಕೂಡಲೇ ನಿಧಾನ, ಬೇಸರ ಅಂತ ಹೆದರಬೇಡಿ. ಚೋಮನಿಗೆ ಬೇಕಾದದ್ದು ತುಂಡು ಭೂಮಿ. ಒಂದು ಜೊತೆ ಎತ್ತು ಇವೆ, ತೋಳಲ್ಲಿ ಶಕ್ತಿ ಇದೆ, ಆದರೆ ಹೊಲೆಯ ಬೇಸಾಯ ಮಾಡಬಾರದು ಅನ್ನುತ್ತದೆ ಊರು. ಸಾಲ ತೀರಿಸಲು ಮಕ್ಕಳು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋಗಬೇಕು. ಒಬ್ಬ ಮಗ ಹೊಳೆಯಲ್ಲಿ ಮುಳುಗುವಾಗ, ಮುಟ್ಟಬಾರದವನು ಅಂತ ದಡದಲ್ಲಿದ್ದವರು ಎತ್ತುವುದಿಲ್ಲ. ಚೋಮ ಧಣಿಯ ಮುಂದೆ ಎದ್ದುನಿಂತು ಭಾಷಣ ಮಾಡುವವನಲ್ಲ. ಅವನು ಗುಡಿಸಲಿಗೆ ಬಂದು ದುಡಿ ಬಾರಿಸುತ್ತಾನೆ. ಕುಡಿದಾಗ, ಖುಷಿಯಾದಾಗ, ಸಿಟ್ಟು ಬಂದಾಗ, ಎದೆ ಒಡೆದಾಗ, ಎಲ್ಲದಕ್ಕೂ ಅದೇ ದುಡಿ. ಪ್ರತಿ ಸಲ ಪೆಟ್ಟು ಬೇರೆ, ವೇಗ ಬೇರೆ. ಅರ್ಧ ಸಿನಿಮಾ ಆಗುವಷ್ಟರಲ್ಲಿ ಮುಖ ನೋಡದಿದ್ದರೂ ದುಡಿಯ ಸದ್ದಿನಿಂದಲೇ ಅವನ ಮನಸ್ಸು ನಮಗೆ ತಿಳಿಯುತ್ತದೆ. ಹಾಗಾಗಿ ಕೊನೆಯಲ್ಲಿ ಎತ್ತುಗಳನ್ನು ಬಿಟ್ಟು, ಬಾಗಿಲು ಹಾಕಿಕೊಂಡು ಅವನು ಬಾರಿಸುವಾಗ ಒಂದು ಮಾತೂ ಬೇಕಾಗುವುದಿಲ್ಲ. ನಾಟಕದ ಸಂಗೀತವನ್ನು ಉಸಿರಾಡಿದ ಬಿ.ವಿ. ಕಾರಂತರಂಥವರಿಗೇ ಇದು ಸಾಧ್ಯ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಮಾತ್ರ ನೋಡಬೇಡಿ ದಯವಿಟ್ಟು. ಹೆಡ್‌ಫೋನ್ ಹಾಕಿಕೊಳ್ಳಿ, ಇಲ್ಲ ಟಿವಿಗೆ ಒಳ್ಳೆ ಸ್ಪೀಕರ್ ಜೋಡಿಸಿಕೊಳ್ಳಿ.

ಚಿಕ್ಕ ವಯಸ್ಸಿನವರು ಕಪ್ಪು ಬಿಳುಪು ಅಂದರೆ ಹಿಂದೇಟು ಹಾಕುತ್ತಾರೆ. ಅವರಿಗೆ 2014ರ ಉಳಿದವರು ಕಂಡಂತೆ ಹೇಳುತ್ತೇನೆ, ರಕ್ಷಿತ್ ಶೆಟ್ಟಿ ಅವರದ್ದು. ಬಿಡುಗಡೆಯಾದಾಗ ಅಷ್ಟೇನೂ ಓಡಲಿಲ್ಲ, ಈಗ ಅದರ ಮಾತುಗಳು ಹುಡುಗರ ನಾಲಿಗೆ ತುದಿಯಲ್ಲಿವೆ. ಮಲ್ಪೆಯ ಕಡಲು, ಕರಾವಳಿಯ ಕನ್ನಡ, ಹುಲಿವೇಷಕ್ಕೆ ಬಾರಿಸುವ ತಾಸೆ ವಾದ್ಯದ ಪೆಟ್ಟು. ಅದು ಹಿಡಿಸಿದರೆ ಅಲ್ಲಿಂದ ಚೋಮನ ದುಡಿಗೆ ಬರುವುದು ದೂರವಲ್ಲ, ಎರಡೂ ಅದೇ ಸೀಮೆಯ ಕಥೆ ತಾನೆ.

ಸಂಸ್ಕಾರದ ಬಗ್ಗೆ ಒಂದೇ ಮಾತು. 1970ರ ಆ ಸಿನಿಮಾದ ಕಥೆ ಎಲ್ಲರಿಗೂ ಗೊತ್ತು, ಚರ್ಚೆಯೂ ಬೇಕಾದಷ್ಟು ಆಗಿದೆ, ಆದರೆ ಅದಕ್ಕೆ ಸಂಗೀತ ಕೊಟ್ಟವರು ಸರೋದ್ ವಾದಕ ರಾಜೀವ ತಾರಾನಾಥರು ಅಂತ ಎಷ್ಟು ಜನ ನೆನೆಯುತ್ತಾರೆ? ಮುಂದಿನ ಸಲ ನೋಡುವಾಗ ಅದಕ್ಕೂ ಕಿವಿ ಕೊಡಿ.

ಕೊನೆಯದು ಘಟಶ್ರಾದ್ಧ, 1977. ಗಿರೀಶ್ ಕಾಸರವಳ್ಳಿ ಅವರ ಮೊದಲ ಸಿನಿಮಾ, ಅನಂತಮೂರ್ತಿ ಅವರ ಕಥೆ. ಮಲೆನಾಡಿನ ಒಂದು ವೇದಪಾಠಶಾಲೆ, ಉಡುಪರ ವಿಧವೆ ಮಗಳು ಯಮುನಾ, ಅವಳನ್ನು ಹಚ್ಚಿಕೊಂಡ ಪುಟ್ಟ ಹುಡುಗ ನಾಣಿ. ಅವಳು ಬಸುರಾಗುತ್ತಾಳೆ, ಊರು ಅವಳನ್ನು ಬದುಕಿರುವಾಗಲೇ ಸತ್ತವಳೆಂದು ಶ್ರಾದ್ಧ ಮಾಡಿ ಹೊರಹಾಕುತ್ತದೆ. ಇದೆಲ್ಲವನ್ನೂ ನಾವು ನಾಣಿಯ ಜೊತೆ ಕಾಣುತ್ತೇವೆ, ನಾಣಿಯ ಜೊತೆಗೇ ಕೇಳಿಸಿಕೊಳ್ಳುತ್ತೇವೆ. ಸಂಗೀತ ಮತ್ತೆ ಬಿ.ವಿ. ಕಾರಂತರದ್ದೇ, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಎಷ್ಟೋ ವರ್ಷ ಮಸುಕಾದ ಪ್ರತಿಯಲ್ಲಿ, ಗೊರಗೊರ ಸದ್ದಿನಲ್ಲಿ ನಾವು ನೋಡಿದ ಈ ಸಿನಿಮಾವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಚೊಕ್ಕವಾಗಿ ಸರಿಪಡಿಸಿದ್ದಾರೆ. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಆ ಪ್ರತಿಯನ್ನೇ ತೋರಿಸಿದರು. ನಿಮ್ಮ ಊರಿನ ಫಿಲ್ಮ್ ಸೊಸೈಟಿಯಲ್ಲೋ, ಕಾಲೇಜಿನಲ್ಲೋ, ಚಿತ್ರೋತ್ಸವದಲ್ಲೋ ಅದು ಬಂದರೆ ತಪ್ಪಿಸಬೇಡಿ, ಬರದಿದ್ದರೆ ತರಿಸಿ ಅಂತ ಅವರನ್ನು ಕೇಳಿ. ಹೋಗುವಾಗ ಹಳೇ ಸಿನಿಮಾ ನಮಗಲ್ಲ ಅನ್ನುವ ಒಬ್ಬರನ್ನಾದರೂ ಜೊತೆಗೆ ಎಳೆದುಕೊಂಡು ಹೋಗಿ.