ಹಸ್ತಪ್ರತಿಯನ್ನು ಅಳೆದು ಕಲಿಯುವುದು

ಎಲ್ಲರಿಗೂ ನಮಸ್ಕಾರ.

ಕ್ಯಾಲಿಗ್ರಫಿ ಕಲಿಯಲು ಹೊರಟವರು ಸಾಮಾನ್ಯವಾಗಿ ಮೊದಲು ತರುವುದು ಮಾದರಿ ಅಕ್ಷರಗಳ ಪುಸ್ತಕ. ಒಂದರಲ್ಲೇ ಇಪ್ಪತ್ತು ಮೂವತ್ತು ಶೈಲಿಗಳು, ಅಕ್ಷರ ಅಕ್ಷರಕ್ಕೂ ಬಾಣದ ಗುರುತು. ಅಗಲ ತುದಿಯ ನಿಬ್ಬಿಗೆ ಕೈ ಪಳಗಲು ಅಷ್ಟು ಸಾಕು. ಚಾರಿತ್ರಿಕ ಶೈಲಿಯೊಂದನ್ನು ನಿಜವಾಗಿ ಕಲಿಯಬೇಕಾದರೆ ಮಾತ್ರ ಹಸ್ತಪ್ರತಿಗೇ ಹೋಗಬೇಕು. ಮಾದರಿ ಪುಟದಲ್ಲಿರುವುದು ಬೇರೊಬ್ಬರು ಆಗಲೇ ಆರಿಸಿ, ತಿದ್ದಿ, ಸಮ ಮಾಡಿಟ್ಟ ಅಕ್ಷರ.

1899ರಲ್ಲಿ ಲಂಡನ್ನಿನಲ್ಲಿ ಕ್ಯಾಲಿಗ್ರಫಿ ಪಾಠ ಹೇಳಲು ತೊಡಗಿದ ಎಡ್ವರ್ಡ್ ಜಾನ್‌ಸ್ಟನ್ ಹಿಡಿದ ದಾರಿ ಇದೇ. ಈಗ ಬ್ರಿಟಿಷ್ ಲೈಬ್ರರಿಯಲ್ಲಿರುವ ಹಾರ್ಲೆ 2904 ಹತ್ತನೆಯ ಶತಮಾನದ ಕೊನೆಯ ಭಾಗದ ಇಂಗ್ಲಿಷ್ ಹಸ್ತಪ್ರತಿ. ಜಾನ್‌ಸ್ಟನ್ನರ ಫೌಂಡೇಶನಲ್ ಎಂಬ ದುಂಡಗಿನ ಅಕ್ಷರಗಳ ಶೈಲಿ ರೂಪುಗೊಂಡದ್ದು ಅದರ ಆಧಾರದ ಮೇಲೆ. ಹಳೆಯ ಬರಹದಲ್ಲಿ ಏನೇನು ನೋಡಬೇಕೆಂದೂ ಅವರು ಹೇಳಿದ್ದಾರೆ: ನಿಬ್ಬಿನ ಕೋನ (ಬರೆಯುವ ಸಾಲಿಗೆ ನಿಬ್ಬಿನ ಅಂಚು ಎಷ್ಟು ಓರೆ), ಗೆರೆಯ ತೂಕ (ಅಕ್ಷರದ ಎತ್ತರ ನಿಬ್ಬಿನ ಅಗಲದ ಎಷ್ಟು ಪಟ್ಟು), ಆಕಾರ, ಗೆರೆಗಳ ಸಂಖ್ಯೆ, ಕ್ರಮ, ದಿಕ್ಕು, ವೇಗ. ಮೊದಲೆರಡು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಪುಟದ ಒಳ್ಳೆಯ ಚಿತ್ರವನ್ನು ದೊಡ್ಡದು ಮಾಡಿ ಮುದ್ರಿಸಿಕೊಳ್ಳಿ. ದುಂಡಗಿನ ‘ಓ’ (o) ಒಂದನ್ನು ಹುಡುಕಿ. ಅದು ಅತಿ ತೆಳುವಾಗುವ ಎರಡು ಜಾಗಗಳನ್ನು ಸೇರಿಸಿ ಗೆರೆ ಎಳೆಯಿರಿ. ಆ ಗೆರೆ ಲಂಬದಿಂದ ಎಷ್ಟು ಡಿಗ್ರಿ ಎಡಕ್ಕೆ ವಾಲಿದೆಯೋ ಅದೇ ನಿಬ್ಬಿನ ಕೋನ. ಗಡಿಯಾರದ ಹನ್ನೊಂದು ಮತ್ತು ಐದರ ಜಾಗದಲ್ಲಿ ತೆಳುವಿದ್ದರೆ 30 ಡಿಗ್ರಿ.

ನಿಬ್ಬಿನ ಅಗಲ ತಿಳಿಯುವಾಗ ಎಡವುವವರೇ ಹೆಚ್ಚು. ಕಣ್ಣಿಗೆ ಸುಲಭವಾಗಿ ಕಾಣುವ ನೇರ ಕಂಬವನ್ನೇ ಅಳೆದುಬಿಡುತ್ತಾರೆ. 30 ಡಿಗ್ರಿಯಲ್ಲಿ ಹಿಡಿದ 2 ಮಿ.ಮೀ. ನಿಬ್ಬು ಮೇಲಿಂದ ಕೆಳಕ್ಕೆ ಎಳೆಯುವುದು ಸುಮಾರು 1.73 ಮಿ.ಮೀ. ಗೆರೆಯನ್ನು. ಪೂರ್ಣ ಅಗಲ ಸಿಗುವುದು ‘ಓ’ದ ಅತಿ ದಪ್ಪ ಜಾಗದಲ್ಲಿ, ಅಂದರೆ ಎರಡು ಮತ್ತು ಎಂಟರ ಹತ್ತಿರ. ಅಕ್ಷರದ ಎತ್ತರ 8 ಮಿ.ಮೀ. ಇದ್ದರೆ ನಿಜವಾದ ಅನುಪಾತ ನಾಲ್ಕು ನಿಬ್ಬಗಲ. ಕಂಬವನ್ನು ನಂಬಿದವರಿಗೆ ಅದು 4.6 ಆಗುತ್ತದೆ, ಬರಹ ಬಡಕಲಾಗುತ್ತದೆ. ತುಸು ಬಲಕ್ಕೆ ವಾಲುವ, 45 ಡಿಗ್ರಿಯ ಇಟಾಲಿಕ್‌ನಲ್ಲಂತೂ ಕಂಬ ನಿಬ್ಬಿನ ಅಗಲದ ಶೇ. 71 ಮಾತ್ರ, ಅಲ್ಲಿ ತಪ್ಪು ಇನ್ನೂ ದೊಡ್ಡದು.

ಒಂದೇ ‘ಓ’ ನೋಡಿ ತೀರ್ಮಾನಿಸಬೇಡಿ. ಚರ್ಮದ ಹಾಳೆ ಸುಕ್ಕಾಗಿರುತ್ತದೆ, ಲಿಪಿಕಾರನ ಕೈಯೂ ಯಂತ್ರವಲ್ಲ. ಪ್ರತಿ ಅಕ್ಷರಕ್ಕೂ ಹತ್ತು ನಮೂನೆ ಗುರುತಿಸಿ, ಹೆಚ್ಚು ಸಲ ಬರುವ ರೂಪವನ್ನು ಆರಿಸಿ. ಎಲ್ಲಕ್ಕಿಂತ ಚೆಂದವಾದದ್ದನ್ನು ಆರಿಸುವ ಆಸೆಯಾಗುತ್ತದೆ. ಅದು ಹೆಚ್ಚಾಗಿ ಅಪವಾದವೇ ಆಗಿರುತ್ತದೆ.

ಗೆರೆಗಳ ಕ್ರಮಕ್ಕೆ ಸಂದುಗಳನ್ನು ನೋಡಿ. ಎರಡು ಗೆರೆ ಒಂದರ ಮೇಲೊಂದು ಬಂದಲ್ಲಿ ಮಸಿ ಗಾಢವಾಗಿರಬಹುದು. ‘ಎನ್’ (n) ಅಕ್ಷರದ ಕಮಾನು ಎಲ್ಲಿಂದ ಹೊರಡುತ್ತದೆ ಎಂಬುದೂ ಮುಖ್ಯ. ಫೌಂಡೇಶನಲ್‌ನಲ್ಲಿ ಲೇಖನಿ ಎತ್ತಿ, ಕಂಬದ ಮೇಲ್ಭಾಗದ ಒಳಗಿನಿಂದ ಕಮಾನು ತೆಗೆಯುತ್ತಾರೆ. ಇಟಾಲಿಕ್‌ನಲ್ಲಿ ಲೇಖನಿ ಎತ್ತದೆ, ಬುಡದಿಂದಲೇ ಮೇಲಕ್ಕೆ ಕವಲೊಡೆಸುತ್ತಾರೆ.

ಬರೆಯಲು 3 ಅಥವಾ 4 ಮಿ.ಮೀ. ನಿಬ್ಬು ತೆಗೆದುಕೊಳ್ಳಿ. ಸಣ್ಣ ನಿಬ್ಬು ತಪ್ಪುಗಳನ್ನು ಮುಚ್ಚಿಹಾಕುತ್ತದೆ. ಹೊಸ ಲೋಹದ ನಿಬ್ಬಿನ ಮೇಲೆ ತುಕ್ಕು ತಡೆಯುವ ಎಣ್ಣೆಯ ಲೇಪ ಇರುವುದರಿಂದ ಮಸಿ ನಿಲ್ಲದೆ ಹನಿಗಟ್ಟುತ್ತದೆ. ಸೋಪು ನೀರಿನಲ್ಲಿ ತೊಳೆದು ಒರೆಸಿ. ಗೆರೆಯ ಒಂದೇ ಅಂಚು ಒರಟಾದರೆ ನಿಬ್ಬಿನ ಒಂದು ಮೂಲೆ ಕಾಗದದಿಂದ ಎದ್ದಿದೆ ಎಂದರ್ಥ. ಎರಡೂ ಅಂಚು ಹಬ್ಬಿದರೆ ಕಾಗದ ಮಸಿ ಹೀರುತ್ತಿದೆ. ಆರಂಭದಲ್ಲಿ ಮುದ್ದೆಯಾಗುತ್ತಿದ್ದರೆ ಅದ್ದುವುದನ್ನು ಬಿಟ್ಟು ಬ್ರಷ್‌ನಿಂದ ಮಸಿ ತುಂಬಿ, ಹಲಗೆಯನ್ನು ಓರೆಯಾಗಿಡಿ. ಸಮತಟ್ಟು ಮೇಜಿನ ಮೇಲೆ ಲೇಖನಿ ಹೆಚ್ಚು ನೇರವಾಗಿ ನಿಲ್ಲುವುದರಿಂದ ಮಸಿ ಬೇಗ ಇಳಿಯುತ್ತದೆ.

ವಾರಕ್ಕೊಮ್ಮೆ ಮೂಲದ ಒಂದೇ ಸಾಲನ್ನು ಬರೆಯಿರಿ. ಮೂಲದ ಚಿತ್ರವನ್ನು ನಿಮ್ಮ ಅಕ್ಷರದ ಎತ್ತರಕ್ಕೇ ಹಿಗ್ಗಿಸಿ ಟ್ರೇಸಿಂಗ್ ಪೇಪರ್ ಮೇಲೆ ತೆಗೆದು, ನಿಮ್ಮ ಸಾಲಿನ ಮೇಲಿಟ್ಟು ನೋಡಿ. ಬಿಡಿ ಅಕ್ಷರಗಳೆಲ್ಲ ಕೂಡಿಬಂದೂ ಸಾಲು ಉದ್ದವಾಗಿದ್ದರೆ ತಪ್ಪಿರುವುದು ಅಂತರದಲ್ಲಿ. ಕಲಿಯುವವರ ಸಾಲು ಸಾಮಾನ್ಯವಾಗಿ ಉದ್ದವೇ ಆಗಿರುತ್ತದೆ.