ಜನರಲ್ ಮ್ಯಾನೇಜರನ್ನು ಹುಡುಕುವ ಮುನ್ನ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ 30 ತಂಡಗಳಿವೆ. ಯಾವುದಾದರೂ ತಂಡ ತನ್ನ ಜನರಲ್ ಮ್ಯಾನೇಜರನ್ನು, ಅಂದರೆ ಆಟಗಾರರನ್ನು ಆರಿಸಿ ತಂಡ ಕಟ್ಟುವ ಅಧಿಕಾರಿಯನ್ನು, ಮನೆಗೆ ಕಳಿಸಿತೆಂದರೆ, ಮರುದಿನವೇ ಸಂಭಾವ್ಯರ ಪಟ್ಟಿ ಓಡಾಡತೊಡಗುತ್ತದೆ. ಹೆಸರು ಆಮೇಲಿನ ಮಾತು. ಆಟಗಾರರ ವಿಷಯದಲ್ಲಿ ಕೊನೆಯ ಮಾತು ಯಾರದು ಎಂಬುದನ್ನು ಮಾಲೀಕರು ಮೊದಲು ತೀರ್ಮಾನಿಸಬೇಕು.

ಇದು ಇತ್ಯರ್ಥವಾಗದಿದ್ದರೆ ಒಳ್ಳೆಯ ಅಭ್ಯರ್ಥಿ ಮೊದಲ ಭೇಟಿಯಲ್ಲೇ ಹಿಂದೆ ಸರಿಯುತ್ತಾರೆ. ಕೋಚನ್ನು ಬದಲಿಸುವ ಅಧಿಕಾರ ನನಗುಂಟೇ? ನನ್ನ ಮೇಲೆ ಇನ್ನೊಬ್ಬ ಅಧ್ಯಕ್ಷರು ಕೂರುತ್ತಾರೆಯೇ? ಸಂಬಳದ ಮೊತ್ತ ಗೆರೆ ದಾಟಿದಾಗ ಲೀಗಿಗೆ ತೆರಬೇಕಾದ ಲಕ್ಷುರಿ ಟ್ಯಾಕ್ಸ್ ಕಟ್ಟುವ ಮನಸ್ಸಿದೆಯೇ, ಇದ್ದರೆ ಎಷ್ಟು ವರ್ಷ? ಹೀಗೆ ಮಾಲೀಕರನ್ನು ಅವರೇ ಸಂದರ್ಶಿಸುತ್ತಾರೆ.

ಇನ್ನು ಅನುಮತಿಯ ಮಾತು. ಬೇರೆ ತಂಡದಲ್ಲಿ ಒಪ್ಪಂದದಲ್ಲಿರುವವರನ್ನು ನೇರವಾಗಿ ಮಾತಾಡಿಸುವಂತಿಲ್ಲ. ಆ ತಂಡ ಒಪ್ಪಬೇಕು. ಬಡ್ತಿಯ ಹುದ್ದೆಯಾದರೆ ಸಾಮಾನ್ಯವಾಗಿ ಒಪ್ಪುತ್ತಾರೆ, ಅದೇ ದರ್ಜೆಯ ಹುದ್ದೆಯಾದರೆ ತಡೆಯುತ್ತಾರೆ. ಜನರಲ್ ಮ್ಯಾನೇಜರ್‌ಗಿಂತ ಮೇಲೆ 'ಬ್ಯಾಸ್ಕೆಟ್‌ಬಾಲ್ ವಿಭಾಗದ ಅಧ್ಯಕ್ಷ' ಎಂಬ ಹುದ್ದೆ ಹಲವು ತಂಡಗಳಲ್ಲಿ ಹುಟ್ಟಿಕೊಂಡಿದ್ದಕ್ಕೆ ಇದೂ ಒಂದು ಕಾರಣವಿರಬೇಕು. ಹೊಸ ಹಲಗೆ ತೂಗುಹಾಕಿದರೆ ಅದೇ ಕೆಲಸವೂ ಬಡ್ತಿಯಾಗುತ್ತದೆ!

ಎಡವುವುದು ಹೆಚ್ಚಾಗಿ ಕ್ಯಾಲೆಂಡರಿನಲ್ಲಿ. ಲೀಗ್ ಹಂತದ 82 ಪಂದ್ಯಗಳು ಏಪ್ರಿಲ್ ಮಧ್ಯಕ್ಕೆ ಮುಗಿಯುತ್ತವೆ. ಮೇ ತಿಂಗಳಲ್ಲಿ ಹೊಸಬರ ಪರೀಕ್ಷಾ ಶಿಬಿರ, ಜೂನ್ ಕೊನೆಯಲ್ಲಿ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್, ಅದರ ಬೆನ್ನಿಗೇ ಒಪ್ಪಂದ ಮುಗಿದ ಆಟಗಾರರ ಸಂತೆ. ಹುಡುಕಾಟ ಡ್ರಾಫ್ಟ್ ದಾಟಿ ಎಳೆದರೆ ವರ್ಷದ ದೊಡ್ಡ ನಿರ್ಧಾರಗಳನ್ನು ತಾತ್ಕಾಲಿಕ ಕೈಗಳೇ ಮಾಡುತ್ತವೆ. ಫಿಲಡೆಲ್ಫಿಯಾ 2018ರಲ್ಲಿ ಹಾಗೆಯೇ ಮಾಡಿತು. ಆ ತಂಡದ ಬ್ಯಾಸ್ಕೆಟ್‌ಬಾಲ್ ವಿಭಾಗದ ಮುಖ್ಯಸ್ಥ ಬ್ರಯಾನ್ ಕೊಲಾಂಜೆಲೊ ಜೂನ್ ಆರಂಭದಲ್ಲಿ ರಾಜೀನಾಮೆ ಕೊಟ್ಟರು. ಕೋಚ್ ಬ್ರೆಟ್ ಬ್ರೌನ್ ಅವರಿಗೇ ಹೆಚ್ಚುವರಿ ಹೊಣೆ ಬಂತು. ತಂಡ 10ನೆಯ ಆಯ್ಕೆಯಲ್ಲಿ ಮಿಕಾಲ್ ಬ್ರಿಜಸ್ ಅವರನ್ನು ಆರಿಸಿ, ಅದೇ ರಾತ್ರಿ ಫೀನಿಕ್ಸ್‌ಗೆ ಬಿಟ್ಟುಕೊಟ್ಟು, ಝೈರ್ ಸ್ಮಿತ್ ಮತ್ತು ಮುಂದೆ ಬರಲಿದ್ದ ಒಂದು ಮೊದಲ ಸುತ್ತಿನ ಆಯ್ಕೆಯನ್ನು ಪಡೆಯಿತು. ಬ್ರಿಜಸ್ ಫೀನಿಕ್ಸ್‌ನಲ್ಲಿ ಆಧಾರಸ್ತಂಭವಾದರು; ಸ್ಮಿತ್ ಗಾಯ, ಅನಾರೋಗ್ಯಗಳ ನಡುವೆ ಹೆಚ್ಚು ಆಡಲೇ ಇಲ್ಲ. ಅನಾರೋಗ್ಯಕ್ಕೆ ಯಾರನ್ನೂ ದೂರಲಾಗದು, ನಿಜ. ಆದರೆ ಎಲ್ಟನ್ ಬ್ರ್ಯಾಂಡ್ ಜನರಲ್ ಮ್ಯಾನೇಜರ್ ಆಗಿ ಬಂದದ್ದು ಸೆಪ್ಟೆಂಬರಿನಲ್ಲಿ. ತಾವು ಮಾಡದ ಆಯ್ಕೆಯ ಫಲವನ್ನು ಅವರು ಹೊತ್ತುಕೊಳ್ಳಬೇಕಾಯಿತು.

ಅಭ್ಯರ್ಥಿಯನ್ನು ಅಳೆಯುವುದು ಹೇಗೆ? 'ನಿಮ್ಮ ದೃಷ್ಟಿಕೋನವೇನು' ಎಂದು ಕೇಳಿದರೆ ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಾರೆ. ತಂಡದ ಸಂಬಳ ಪಟ್ಟಿಯನ್ನು ಮುಂದಿಟ್ಟು ಲೆಕ್ಕ ಮಾಡಿಸಬೇಕು. 2025-26ರ ಸಂಬಳ ಮಿತಿ ಸುಮಾರು 15.46 ಕೋಟಿ ಡಾಲರ್. ಅದನ್ನು ದಾಟಬಹುದು, ಆದರೆ ಸುಮಾರು 20.78 ಕೋಟಿ ಡಾಲರಿನಲ್ಲಿರುವ 'ಸೆಕೆಂಡ್ ಏಪ್ರನ್' ಗೆರೆಯನ್ನೂ ದಾಟಿದರೆ ಕೈಕಾಲು ಕಟ್ಟಿದಂತೆಯೇ: ಇಬ್ಬರು ಆಟಗಾರರ ಸಂಬಳ ಒಟ್ಟುಗೂಡಿಸಿ ಒಬ್ಬ ದುಬಾರಿ ಆಟಗಾರನನ್ನು ತರುವಂತಿಲ್ಲ, ಟ್ರೇಡಿನಲ್ಲಿ, ಅಂದರೆ ತಂಡಗಳ ನಡುವಿನ ಆಟಗಾರರ ವಿನಿಮಯದಲ್ಲಿ, ನಗದು ಸೇರಿಸುವಂತಿಲ್ಲ. ಈ ಗೆರೆಯ ಕೆಳಗಿಳಿಯಲು ಯಾರನ್ನು ಬಿಡುತ್ತೀರಿ, ಯಾವ ತಿಂಗಳಲ್ಲಿ, ಯಾವ ತಂಡಕ್ಕೆ, ಅವರು ಏಕೆ ಒಪ್ಪಬೇಕು? ಕೊನೆಯ ಪ್ರಶ್ನೆಗೆ ಹೊಂದುವ ಉತ್ತರ ಕೊಡುವವರು ವಿರಳ.

ಬ್ರೂಕ್ಲಿನ್‌ನಲ್ಲಿ ಈ ಪರೀಕ್ಷೆ ನಿಜವಾಗಿಯೇ ನಡೆಯಿತು. 2013ರಲ್ಲಿ ಆ ತಂಡ ಹಿರಿಯ ತಾರೆಯರಿಗಾಗಿ 2014, 2016, 2018ರ ಮೊದಲ ಸುತ್ತಿನ ಆಯ್ಕೆಗಳನ್ನು ಬಾಸ್ಟನ್‌ಗೆ ಕೊಟ್ಟುಬಿಟ್ಟಿತು. 2017ಕ್ಕೆ ಬ್ರೂಕ್ಲಿನ್‌ನ ಆಯ್ಕೆಯೊಡನೆ ತನ್ನದನ್ನು ಅದಲುಬದಲು ಮಾಡಿಕೊಳ್ಳುವ ಹಕ್ಕನ್ನೂ ಬಾಸ್ಟನ್‌ಗೆ ಕೊಟ್ಟಿತು. ಮುಂದಿನ ಸತತ ಎರಡು ವರ್ಷದ ಮೊದಲ ಸುತ್ತಿನಲ್ಲಿ ಕೈ ಬರಿದಾಗುವಂತಿಲ್ಲ ಎಂಬ ನಿಯಮವಿರುವುದರಿಂದಲೇ ಹೀಗೆ ವರ್ಷ ಬಿಟ್ಟು ವರ್ಷ. 2016ರ ಫೆಬ್ರವರಿಯಲ್ಲಿ ಶಾನ್ ಮಾರ್ಕ್ಸ್ ಜನರಲ್ ಮ್ಯಾನೇಜರ್ ಆಗಿ ಅಧಿಕಾರ ವಹಿಸಿಕೊಂಡಾಗ, ಸೋತ ತಂಡಕ್ಕೆ ಸಿಗುವ ಮೇಲಿನ ಸರದಿ ಬಾಸ್ಟನ್ ಪಾಲಾಗುತ್ತಿದ್ದುದರಿಂದ ಸೋತರೂ ಲಾಭವಿರಲಿಲ್ಲ. ಅವರು ಥಡಿಯಸ್ ಯಂಗ್ ಅವರನ್ನು ಕೊಟ್ಟು 20ನೆಯ ಆಯ್ಕೆ ಪಡೆದು ಕ್ಯಾರಿಸ್ ಲೆವರ್ಟ್ ಅವರನ್ನು ತಂದರು. ಮರುವರ್ಷ ಲೇಕರ್ಸ್‌ಗೆ ಬೇಡವಾಗಿದ್ದ ಟಿಮೊಫೆ ಮೊಝ್‌ಗೊವ್ ಅವರ ದುಬಾರಿ ಒಪ್ಪಂದವನ್ನು ಹೊತ್ತುಕೊಂಡು, ಡಿ'ಆ್ಯಂಜೆಲೊ ರಸೆಲ್ ಅವರನ್ನೂ ಪಡೆದರು. 2019ಕ್ಕೆ ತಂಡ ಲೀಗ್ ಹಂತ ದಾಟಿ ಪ್ಲೇಆಫ್ ಎಂಬ ನಾಕೌಟ್ ಹಂತ ತಲುಪಿತು.

ಮಾರ್ಕ್ಸ್ ಬಂದದ್ದು ಸ್ಯಾನ್ ಆಂಟೋನಿಯೊ ತಂಡದ ಗರಡಿಯಿಂದ. ಒಕ್ಲಹೋಮ ಸಿಟಿಯ ಸ್ಯಾಮ್ ಪ್ರೆಸ್ಟಿಯೂ ಅಲ್ಲಿಯವರೇ. ಲೇಕರ್ಸ್‌ನ ರಾಬ್ ಪೆಲಿಂಕಾ ಆಟಗಾರರ ಏಜೆಂಟರಾಗಿದ್ದವರು, ಹ್ಯೂಸ್ಟನ್ ತಂಡದ ಜನರಲ್ ಮ್ಯಾನೇಜರ್ ಆಗಿದ್ದ ಡ್ಯಾರಿಲ್ ಮೋರಿ ಅಂಕಿಅಂಶಗಳ ಹಾದಿಯಲ್ಲಿ ಬಂದವರು. ಮೂಲ ಯಾವುದಾದರೂ ಇರಲಿ, ತನಗೆ ಬಾರದ ವಿದ್ಯೆಗೆ ಯಾರನ್ನು ಜೊತೆಗೆ ಕರೆತರುತ್ತಾರೆ ಎಂದು ಹೆಸರು ಹಿಡಿದು ಕೇಳಬೇಕು. ಏಜೆಂಟರಿಗೆ ಕಾಲೇಜು ಆಟಗಾರರನ್ನು ತೂಗುವ ಸ್ಕೌಟ್ ಬೇಕಾಗಬಹುದು, ಸ್ಕೌಟ್‌ಗೆ ಸಂಬಳ ನಿಯಮ ಬಲ್ಲವರು ಬೇಕು.

ಹಲವರು ಮರೆಯುವ ಸಂಗತಿ ಒಂದುಂಟು. ಹುಡುಕಾಟ ನಡೆಯುವಾಗ ತಂಡ ನಡೆಸಿದ ಒಳಗಿನ ಅಭ್ಯರ್ಥಿಗೆ ಹುದ್ದೆ ತಪ್ಪಿದರೆ, ಆ ಸುದ್ದಿ ಅವರಿಗೆ ಪತ್ರಿಕೆಯಿಂದ ತಿಳಿಯಬಾರದು. ಡ್ರಾಫ್ಟ್ ಪಟ್ಟಿ, ವೈದ್ಯಕೀಯ ವರದಿ, ಅರ್ಧಕ್ಕೆ ನಿಂತ ಟ್ರೇಡ್ ಮಾತುಕತೆ ಎಲ್ಲವೂ ಅವರ ಬಳಿಯಿರುತ್ತವೆ. ಪ್ರಕಟಣೆಯ ಹಿಂದಿನ ದಿನವೇ ಮಾಲೀಕರು ಅವರನ್ನು ಕೂರಿಸಿಕೊಂಡು ಮಾತಾಡಬೇಕು. ಅವರು ಉಳಿಯುತ್ತಾರೋ ಹೊರಡುತ್ತಾರೋ ಎಂಬುದು, ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಹೊಸಬರಿಗೂ ಗೊತ್ತಿರಬೇಕು.