ಅಮ್ಮನ ಹುಳಿಪುಡಿ ಮತ್ತು ಇಮೇಲಿನ ಗಂಟಲು

ಹುಳಿಪುಡಿ ಮಾಡುವ ವಿಧಾನ ಬರೆದುಕೊಡು ಎಂದು ಅಮ್ಮನನ್ನು ಕೇಳಿದರೆ ಪೆನ್ನು ಸಿಗುವುದಿಲ್ಲ, ಕನ್ನಡಕ ಸಿಗುವುದಿಲ್ಲ. ಬಾಯಲ್ಲಿ ಹೇಳು ಎಂದರೆ ತಡೆಯೇ ಇಲ್ಲ. ಹಾಗಾಗಿ ಒಂದು ದಿನ ಒಲೆಯ ಪಕ್ಕ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿಕೊಂಡೆ. ಎರಡು ನಿಮಿಷ ನಲವತ್ತು ಸೆಕೆಂಡು. “ಕೊತ್ತಂಬರಿ ಬೀಜ ಎರಡು ಹಿಡಿ. ಹಿಡಿ ಎಂದರೆ ನನ್ನ ಹಿಡಿ, ನಿನ್ನದಲ್ಲ.” ನಡುವೆ ಕುಕ್ಕರ್ ಕೂಗುತ್ತದೆ. ಅಮ್ಮ ಮೆಣಸಿನಕಾಯಿಯ ಲೆಕ್ಕವನ್ನು ಅಲ್ಲೇ ಬಿಟ್ಟು, “ಎರಡಾಯಿತೋ, ಮೂರಾಯಿತೋ?” ಎಂದು ನನ್ನನ್ನೇ ಕೇಳುತ್ತಾಳೆ.

ಅದನ್ನು ಇಮೇಲಿಗೆ ಲಗತ್ತಿಸಿ ಅಕ್ಕನಿಗೆ ಕಳಿಸಿದೆ. ಅಕ್ಕ ಫೋನ್ ಮಾಡಿ ನಕ್ಕಳು. ಈ ಕಾಲದಲ್ಲಿ ಇಮೇಲಿಗೆ ಯಾರಾದರೂ ದನಿ ಅಂಟಿಸುತ್ತಾರೆಯೇ, ವಾಟ್ಸ್ಆ್ಯಪ್ ಸತ್ತುಹೋಯಿತೇ ಎಂದು. ಇವತ್ತಿನ ನನ್ನ ಮಾತೆಲ್ಲ ಆ ನಗುವಿಗೆ ಉತ್ತರ: ಇಟ್ಟುಕೊಳ್ಳಬೇಕು ಅನ್ನಿಸುವ ದನಿಯನ್ನು ಇಮೇಲಿಗೇ ಹಾಕಬೇಕು.

ಕಾಲದ ಮಾತೇ ಬಂದರೆ, ವಾಟ್ಸ್ಆ್ಯಪ್‌ಗೆ ದನಿ ಸಂದೇಶ ಬಂದದ್ದು 2013ರಲ್ಲಿ. ಅಮೆರಿಕದ ನಥಾನಿಯಲ್ ಬೋರೆನ್‌ಸ್ಟೈನ್ ಎಂಬ ಗಣಕ ವಿಜ್ಞಾನಿ 1992ರ ಮಾರ್ಚ್ 11ರಂದೇ ಇಮೇಲಿನಲ್ಲಿ ಹಾಡು ಕಳಿಸಿದ್ದರು. ಹಾಡಿದ್ದು ಅವರದೇ ನಾಲ್ವರ ತಂಡ. ಹಳೆಯ ಪ್ರೇಮಗೀತೆಯ ಧಾಟಿಗೆ ಇಮೇಲಿನ ಮಾತು ಕಟ್ಟಿ ಹಾಡಿದ್ದರು. ಜೊತೆಗೆ ತಂಡದ ಫೋಟೊ. ಅದಕ್ಕೂ ಮುಂಚೆ ಒಂದೇ ಕಂಪನಿಯ ಗಣಕಗಳ ನಡುವೆ ದನಿ ಓಡಾಡುತ್ತಿದ್ದುದುಂಟು. ಯಾವ ಗಣಕದಿಂದ ಯಾವ ಗಣಕಕ್ಕಾದರೂ ಕಳಿಸುವ ದಾರಿಯನ್ನು ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಸೇರಿ ಅದೇ ವರ್ಷ ಜೂನ್‌ನಲ್ಲಿ ಪ್ರಕಟಿಸಿದರು. ಅದರ ಹೆಸರು ಮೈಮ್. ಮೂಕಾಭಿನಯಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರು. ಇಮೇಲಿಗೆ ಬಾಯಿ ಬರಿಸಿದ್ದಕ್ಕೆ ಎಂಥ ಹೆಸರು ನೋಡಿ.

ಆಗಿನ ಇಮೇಲಿನ ದಾರಿ ಬಹಳ ಕಿರಿದು. ಇಂಗ್ಲಿಷ್ ಅಕ್ಷರ, ಅಂಕಿ, ಒಂದಿಷ್ಟು ಚಿಹ್ನೆ ಬಿಟ್ಟು ಬೇರೇನೂ ಅದರಲ್ಲಿ ನುಸುಳುತ್ತಿರಲಿಲ್ಲ. ಹಾಗಾಗಿ ದನಿಗೆ ವೇಷ ಹಾಕಿದರು. ಗಣಕ ಏನನ್ನಾದರೂ ಇಡುವುದು ಬೈಟು ಎಂಬ ಪುಟ್ಟ ತುಣುಕುಗಳಲ್ಲಿ. ಪ್ರತಿ ಮೂರು ಬೈಟಿಗೆ ನಾಲ್ಕು ಸಾದಾ ಅಕ್ಷರ, ಇದೇ ಬೇಸ್64 ಎಂಬ ವೇಷ. ಅಂದಿನ ಮೂಲ ಮಾದರಿಯಲ್ಲಿ ಒಂದು ಸೆಕೆಂಡಿನ ದನಿ ಎಂದರೆ 8,000 ಬೈಟು. ಒಂದು ನಿಮಿಷ ಮಾತಾಡಿದರೆ, ವೇಷ ತೊಟ್ಟ ಮೇಲೆ 6,40,000 ಅಕ್ಷರಗಳ ಕಾಗದ.

ನನಗೆ ಇದರಲ್ಲಿ ಅತಿ ಇಷ್ಟದ ಸಂಗತಿ ಬೇರೆ. ನಮ್ಮ ಕನ್ನಡಕ್ಕೂ ಆ ಕಿರಿದಾರಿಯಲ್ಲಿ ಜಾಗವಿರಲಿಲ್ಲ. ಎಲ್ಲ ಭಾಷೆಗಳ ಅಕ್ಷರಗಳನ್ನೂ ಬೈಟುಗಳಾಗಿಸುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ‘ಅ’ ಅಕ್ಷರಕ್ಕೆ ಸರಿಯಾಗಿ ಮೂರು ಬೈಟು. ಬೇಸ್64ರ ವೇಷ ತೊಟ್ಟಾಗ ಅದು ‘4LKF’ ಆಗುತ್ತದೆ. ಎಷ್ಟೋ ಸಲ ಕನ್ನಡದ ಇಮೇಲ್ ಪ್ರಯಾಣ ಮಾಡುವುದು ಹೀಗೆಯೇ. ‘ಅಮ್ಮ’ ಎಂಬ ಪದವೂ ಅಮ್ಮನ ದನಿಯೂ ಒಂದೇ ಅಂಗಿ ತೊಟ್ಟು, ಒಂದೇ ಬಸ್ಸಿನಲ್ಲಿ ಕೂತು ಬರುತ್ತವೆ.

ಇಮೇಲೇ ಏಕೆ ಎಂದರೆ, ಅಜ್ಜ ಹಾಡಿದ ತತ್ವಪದವನ್ನು ಚಾಟಿನಲ್ಲಿಯೇ ಬಿಟ್ಟು, ಬ್ಯಾಕಪ್ ಮಾಡದೆ ಫೋನ್ ಬದಲಿಸಿ ಕಳೆದುಕೊಂಡವನು ನಾನು. ತಪ್ಪು ನನ್ನದೇ. ಅದರ ಒಂದು ಪ್ರತಿ ಇಮೇಲಿನಲ್ಲಿ ಯಾರಿಗಾದರೂ ಹೋಗಿದ್ದರೆ ಇಂದು ಕೇಳಿ ಪಡೆಯಬಹುದಿತ್ತು. ಆಗ ಹೊಳೆಯಲಿಲ್ಲ.

ಹಾಗೆಂದು ಇಮೇಲ್ ತೆರೆದೊಡನೆ ತಾನಾಗಿ ಮೊಳಗುವ ಸಂಗೀತವನ್ನು ನಾನು ಸಮರ್ಥಿಸುವುದಿಲ್ಲ. ಸೈಬರ್ ಕೆಫೆಯಲ್ಲಿ ಗೆಳೆಯನ ದೀಪಾವಳಿ ಶುಭಾಶಯ ತೆರೆದಾಗ ಸ್ಪೀಕರ್ ಕಿರುಚಿ, ಪಕ್ಕದ ಕ್ಯಾಬಿನ್ನಿನವರೆಲ್ಲ ಇಣುಕಿದ ಅವಮಾನ ಇನ್ನೂ ಮರೆತಿಲ್ಲ. ಟೈಪಿಸಲು ಸೋಮಾರಿತನವಾಗಿ ನಾಲ್ಕು ನಿಮಿಷ ಗೊಣಗಿ ಕಳಿಸುವವರ ಮೇಲೂ ಕರುಣೆಯಿಲ್ಲ. ಬರಹದ ಮೇಲೆ ಕಣ್ಣಾಡಿಸಬಹುದು. ದನಿಯ ಮೇಲೆ ಕಿವಿಯಾಡಿಸಲು ಬರುವುದಿಲ್ಲ. ದನಿ ಕಳಿಸುವವರು ಒಳಗೇನಿದೆ, ಎಷ್ಟು ಹೊತ್ತಿನದು ಎಂದು ಒಂದು ಸಾಲು ಬರೆಯಲಿ. ಕಿವಿ ಕೇಳದವರೂ ನಮ್ಮ ನಡುವೆ ಇದ್ದಾರೆ. ಅವರಿಗೆ ಪೂರ್ತಿ ಮಾತನ್ನೇ ಬರೆದು ಕಳಿಸಬೇಕು.

ಅಕ್ಕನಿಗೆ ನಾನು ಬರೆದ ಸಾಲು: “ಹುಳಿಪುಡಿ, 2 ನಿಮಿಷ 40 ಸೆಕೆಂಡು, ಅಳತೆಗೆ ಅಮ್ಮನ ಕೈ ಬೇಕು.” ನಕ್ಕವಳು ವಾರ ಕಳೆದ ಮೇಲೆ ಇಮೇಲಿನಲ್ಲೇ ಉತ್ತರಿಸಿದಳು: “ಮೂರು ಸಲ ಕೇಳಿದೆ. ಕೂಗಿದ್ದು ಎರಡನೆಯದು. ಅಮ್ಮನಿಗೆ ಹೇಳು.”